ತಕ್ಕಡಿಗೆ ಬೀಳುವ ಮುನ್ನ

ಟಿನ್‌ಟಿನ್ ಹುಟ್ಟಿದ್ದು ದಿನಪತ್ರಿಕೆಯ ಪುರವಣಿಯಲ್ಲಿ. ಆಸ್ಟರಿಕ್ಸ್ ಹುಟ್ಟಿದ್ದು ಮಕ್ಕಳ ವಾರಪತ್ರಿಕೆಯಲ್ಲಿ. ಅಮರ ಚಿತ್ರಕಥೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಕನ್ನಡದಲ್ಲಿ! ಮಕ್ಕಳು ಓದಿ ಬಿಸಾಡಿದ ಯುರೋಪಿನ ಮೊದಲ ಸಂಚಿಕೆಗಳಿಗೆ ಇಂದು ಹರಾಜಿನಲ್ಲಿ ಪೈಪೋಟಿ. ನಮ್ಮವು ಎಲ್ಲಿ ಹೋದವು? ಗುಜರಾತಿನ ದೀಪಾವಳಿ ರದ್ದಿಯ ನಡುವೆ ಒಂದು ಹುಡುಕಾಟ.

ದೀಪಾವಳಿಗೆ ಇನ್ನು ಎಂಟು ದಿನ. ವಡೋದರದ ಆಲ್ಕಾಪುರಿಯಲ್ಲಿ ಮನೆಮನೆಯ ಟ್ರಂಕು, ಹಾಸಿಗೆ, ಹಿತ್ತಾಳೆ ಪಾತ್ರೆ ಎಲ್ಲ ಅಂಗಳಕ್ಕೆ ಬಂದು ಬಿಸಿಲು ಕಾಯಿಸುತ್ತಿವೆ. ಅಟ್ಟ ಖಾಲಿಯಾಗುವ ಕಾಲ ಇದು. ಹಾಗಾಗಿ ಪಸ್ತಿ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ.

ನಾವು ರದ್ದಿ ಎನ್ನುವುದಕ್ಕೆ ಇಲ್ಲಿಯವರ ಮಾತು ಪಸ್ತಿ. ಸೈಕಲ್ಲಿನ ಹಿಂದೆ, ಸ್ಕೂಟರಿನ ಕಾಲಡಿಯಲ್ಲಿ, ತಳ್ಳುಗಾಡಿಯ ಮೇಲೆ ಕಟ್ಟುಗಟ್ಟಲೆ ಪೇಪರು ಬಂದು ಬೀಳುತ್ತಿದೆ. ಅಂಗಡಿಯ ಕಾಕಾ ಒಂದೊಂದು ಕಟ್ಟನ್ನೂ ತಕ್ಕಡಿಗೆ ಎಸೆದು, ಮುಳ್ಳು ನಿಲ್ಲುವುದರೊಳಗೆ ತೂಕ ಹೇಳಿ, ಹಿಂದಿನ ರಾಶಿಗೆ ದೂಡುತ್ತಾರೆ. ನಾನು ಆ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಪ್ರತಿ ವರ್ಷ ಈ ವಾರ ನನ್ನ ಬೆಳಗು ಇಲ್ಲೇ.

“ಜುಓ ಬೇನ್, ಇದು ನಿಮ್ಮ ಭಾಷೆಯದೇ?” ಎಂದು ಕಾಕಾ ಒಂದು ಪುಸ್ತಿಕೆ ಎತ್ತಿ ತೋರಿಸಿದರು.

ಗುಜರಾತಿ ದಿನಪತ್ರಿಕೆಗಳ ನಡುವೆ ಕನ್ನಡದ ಅಕ್ಷರ! ಮುಖಪುಟ ಹರಿದುಹೋದ ಒಂದು ಅಮರ ಚಿತ್ರಕಥೆ. ನಡುವಿನ ಎರಡು ಪಿನ್ನು ತುಕ್ಕು ಹಿಡಿದು, ಅವುಗಳ ಸುತ್ತ ಕಾಫಿ ಬಣ್ಣದ ಎರಡು ಕಲೆ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಬ್ಬ ಹುಡುಗನ ಹೆಸರು, ಕೆಳಗೆ ‘4ನೇ ತರಗತಿ’. ಒಂದು ಪುಟದಲ್ಲಿ ರಾಕ್ಷಸನಿಗೆ ಅವನೇ ಮೀಸೆ ಬರೆದಿದ್ದಾನೆ. ಕೆಲಸದ ಮೇಲೆ ಇಲ್ಲಿಗೆ ಬಂದ ಯಾವುದೋ ಕನ್ನಡ ಕುಟುಂಬ ಊರಿಗೆ ಮರಳುವಾಗ ಬಿಟ್ಟುಹೋದದ್ದಿರಬೇಕು. ಕಾಕಾ ಹತ್ತು ರೂಪಾಯಿ ತೆಗೆದುಕೊಂಡರು.

ಅಲಕಾಪುರಿ ಎಂದರೆ ಕುಬೇರನ ರಾಜಧಾನಿ. ಆ ಹೆಸರಿನ ಬಡಾವಣೆಯಲ್ಲಿ, ದೀಪಾವಳಿಯಂದು ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕವಿಟ್ಟು ‘ಚೋಪಡಾ ಪೂಜನ್’ ಮಾಡುತ್ತಾರೆ. ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುವ ಅದೇ ವಾರ ಕತೆಯ ಪುಸ್ತಕ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಇದು ಗುಜರಾತಿನ ತಪ್ಪೇನಲ್ಲ. ಜಗತ್ತಿನ ಎಲ್ಲ ಊರುಗಳಲ್ಲೂ ಮಕ್ಕಳ ಪತ್ರಿಕೆಯ ಗತಿ ಇದೇ. ಆ ತಕ್ಕಡಿಯಿಂದ ತಪ್ಪಿಸಿಕೊಂಡ ಕೆಲವೇ ಪ್ರತಿಗಳ ಕತೆಯನ್ನು ಹೇಳಬೇಕು.

ಪುರವಣಿಯಲ್ಲಿ ಹುಟ್ಟಿದ ಹುಡುಗ

ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರ. 1929ರ ಜನವರಿ 10, ಗುರುವಾರ. ‘ಲೆ ವ್ಯಾಂತಿಯೆಮ್ ಸಿಯೆಕ್ಲ್’ ಎಂಬ ದಿನಪತ್ರಿಕೆಯ ಮಕ್ಕಳ ಪುರವಣಿಯಲ್ಲಿ ಒಬ್ಬ ಹುಡುಗ ವರದಿಗಾರ ತನ್ನ ಬಿಳಿ ನಾಯಿಯೊಂದಿಗೆ ಮಾಸ್ಕೋಗೆ ರೈಲು ಹತ್ತಿದ. ಪುರವಣಿಯ ಹೆಸರು ‘ಲೆ ಪೆತಿ ವ್ಯಾಂತಿಯೆಮ್’. ಚಿತ್ರ ಬರೆದವರು ಎರ್ಜೆ, ಆಗ ಅವರಿಗೆ 21 ವರ್ಷ. ಹುಡುಗನ ಹೆಸರು ಟಿನ್‌ಟಿನ್.

ಆ ಮೊದಲ ಪುಟಗಳಲ್ಲಿ ಟಿನ್‌ಟಿನ್‌ನ ಹಣೆಯ ಮೇಲಿನ ಜುಟ್ಟು ನಿಂತೇ ಇಲ್ಲ. ಕೂದಲು ಹಣೆಗೆ ಅಂಟಿಕೊಂಡಿದೆ. ಮುಂದಿನ ವಾರಗಳಲ್ಲಿ ಆತ ತೆರೆದ ಕಾರಿನಲ್ಲಿ ರಭಸದಿಂದ ಹೊರಟಾಗ ಗಾಳಿಗೆ ಜುಟ್ಟು ಎದ್ದಿತು. ಎದ್ದದ್ದು ಮತ್ತೆ ಇಳಿಯಲಿಲ್ಲ. ಲೋಕವೇ ಗುರುತಿಸುವ ಆ ಜುಟ್ಟು ಯಾರೂ ಕೂತು ಯೋಚಿಸಿ ಇಟ್ಟದ್ದಲ್ಲ.

ಮೊದಲ ಸಂಚಿಕೆಯ ಮೋಹ ಇರುವುದೇ ಇಲ್ಲಿ. ಪಾತ್ರವೊಂದು ತಾನಿನ್ನೂ ತಾನಾಗದ ದಿನದ ಮುಖ ಅಲ್ಲಿ ಸಿಗುತ್ತದೆ. ‘ಸ್ಪಿರೂ’ ವಾರಪತ್ರಿಕೆಯ 1957ರ ಫೆಬ್ರವರಿ 28ರ ಸಂಚಿಕೆಯಲ್ಲಿ ಗಾಸ್ತೋನ್ ಎಂಬ ಸೋಮಾರಿ ಗುಮಾಸ್ತ ಒಂದು ಮಾತೂ ಇಲ್ಲದೆ ಬಂದು ನಿಂತ. ಮುಂದೆ ಸದಾ ಜೋಲುವ ಸ್ವೆಟರಿನಲ್ಲಿ ಕಾಣುವ ಅವನು ಅಂದು ಕೋಟು ತೊಟ್ಟು ಸಭ್ಯನಾಗಿದ್ದ. ಅದೇ ಪತ್ರಿಕೆಯಲ್ಲಿ 1958ರ ಅಕ್ಟೋಬರ್ 23ರಂದು ನೀಲಿ ಮೈಯ ಸ್ಮರ್ಫ್‌ಗಳು ಬಂದದ್ದು ಇನ್ನಿಬ್ಬರು ನಾಯಕರ ಕತೆಗೆ ಅತಿಥಿಗಳಾಗಿ. ಬರೆದ ಪೆಯೊ ಅವರಿಗೂ ಈ ಅತಿಥಿಗಳೇ ಮನೆಯ ಯಜಮಾನರಾಗುತ್ತಾರೆಂದು ಗೊತ್ತಿರಲಿಲ್ಲ.

ಆಸ್ಟರಿಕ್ಸ್‌ನ ಕತೆಯೂ ಹೀಗೆಯೇ. ಅವನನ್ನು ಸೃಷ್ಟಿಸಿದ ಗೊಸಿನಿ ಮತ್ತು ಉಡೆರ್ಜೊ ಮೊದಲು ಆರಿಸಿಕೊಂಡದ್ದು ಫ್ರಾನ್ಸಿನ ಹಳೆಯ ನರಿಯ ಕತೆಯನ್ನು. ಅದನ್ನು ಆಗಲೇ ಇನ್ನೊಬ್ಬರು ಚಿತ್ರಕಥೆ ಮಾಡಿದ್ದಾರೆಂದು ತಿಳಿದಾಗ ತರಾತುರಿಯಲ್ಲಿ ಹೊಸದೊಂದನ್ನು ಹುಡುಕಬೇಕಾಯಿತು. ‘ಪಿಲೋತ್’ ವಾರಪತ್ರಿಕೆಯ ಮೊದಲ ಸಂಚಿಕೆ 1959ರ ಅಕ್ಟೋಬರ್ 29ರಂದು ಬಂದಾಗ, ಮೋಟು ದೇಹದ ಆ ಗಾಲ್ ವೀರ ಅದರಲ್ಲಿದ್ದ.

ಓದಿದ್ದು ಹರಿಯಿತು, ಹರಿದದ್ದು ಹೋಯಿತು

ಲಕ್ಷಗಟ್ಟಲೆ ಅಚ್ಚಾದದ್ದು ಅಪರೂಪವಾಗುವುದು ಹೇಗೆ?

ನಮ್ಮ ವಾರಪತ್ರಿಕೆಗಳ ಧಾರಾವಾಹಿಯನ್ನು ನೆನಪಿಸಿಕೊಳ್ಳಿ. ಕಾದಂಬರಿ ವಾರವಾರ ಬರುತ್ತಿತ್ತು, ಓದುತ್ತಿದ್ದೆವು, ಆಮೇಲೆ ಅದು ಪುಸ್ತಕವಾಗುತ್ತಿತ್ತು. ಪುಸ್ತಕ ಕಪಾಟಿಗೆ ಹೋಯಿತು, ಪತ್ರಿಕೆ ಅಂಗಡಿಯ ಪೊಟ್ಟಣವಾಯಿತು. ಫ್ರಾನ್ಸ್, ಬೆಲ್ಜಿಯಮ್‌ಗಳ ಚಿತ್ರಕಥೆಯದೂ ಅದೇ ದಾರಿ. ಕತೆ ಮೊದಲು ಪತ್ರಿಕೆಯಲ್ಲಿ, ನಂತರ ಗಟ್ಟಿ ರಟ್ಟಿನ ಆಲ್ಬಂನಲ್ಲಿ. ಆಲ್ಬಂ ಉಳಿಯಿತು, ಆದರೆ ಪಾತ್ರ ಹುಟ್ಟಿದ ಪತ್ರಿಕೆ ಅಳಿಯಿತು.

ಉಳಿದ ಪ್ರತಿಗಳಲ್ಲೂ ಎಷ್ಟೋ ಊನವಾಗಿವೆ. ‘ಸ್ಪಿರೂ’ 1959ರಿಂದ ನಡುಪುಟಗಳಲ್ಲಿ ಒಂದು ಕಿರುಪುಸ್ತಕ ಅಚ್ಚು ಹಾಕುತ್ತಿತ್ತು. ಮಕ್ಕಳು ಅದನ್ನು ಕತ್ತರಿಸಿ, ಮಡಿಸಿ, ಹೊಲಿದುಕೊಳ್ಳಬೇಕು. ‘ಟಿನ್‌ಟಿನ್’ ಎಂದು ಆ ಹುಡುಗನ ಹೆಸರಿನಲ್ಲೇ ಬರುತ್ತಿದ್ದ ಪತ್ರಿಕೆಯಲ್ಲಿ ಕತ್ತರಿಸಿ ಕೂಡಿಡುವ ಚೀಟಿ ಇರುತ್ತಿತ್ತು. ಹೇಳಿದಂತೆ ಕೇಳಿದ ಜಾಣ ಮಕ್ಕಳ ಪ್ರತಿಯಲ್ಲಿ ಇವತ್ತು ಕಿಟಕಿಯಂತೆ ಒಂದು ತೂತು.

ಅದಕ್ಕೂ ಮೊದಲೇ ಎರಡನೇ ಮಹಾಯುದ್ಧ ಬಂದಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಮ್ಮಿಗೆ ನುಗ್ಗಿದಾಗ ‘ಲೆ ಪೆತಿ ವ್ಯಾಂತಿಯೆಮ್’ ಕಣ್ಣುಮುಚ್ಚಿತು. 1943ರಲ್ಲಿ ‘ಸ್ಪಿರೂ’ ಕೂಡ ನಿಂತು, ಮುಂದಿನ ವರ್ಷ ದೇಶ ಬಿಡುಗಡೆಯಾದ ಮೇಲೆ ಮರಳಿತು. ಬ್ರಿಟನ್ನಿನಲ್ಲಿ ಕಾಗದದ ಬರ. ಮನೆಯ ಹಳೆಯ ಪೇಪರನ್ನೆಲ್ಲ ಯುದ್ಧದ ಕೆಲಸಕ್ಕೆ ಕೊಡಿರೆಂದು ಸರ್ಕಾರವೇ ಕೇಳಿತು. ಮಕ್ಕಳು ಕೈಗಾಡಿ ತಳ್ಳಿಕೊಂಡು ತಮ್ಮ ಕಾಮಿಕ್ಸನ್ನೂ ಕೊಟ್ಟರು.

ಹಾಗಾಗಿಯೇ ಸ್ಕಾಟ್ಲೆಂಡಿನ ಮಕ್ಕಳ ಕಾಮಿಕ್ಸ್ ‘ದ ಡ್ಯಾಂಡಿ’ಯ ಮೊದಲ ಸಂಚಿಕೆ, 1937ರ ಡಿಸೆಂಬರ್ 4ರದು, 2004ರಲ್ಲಿ 20,350 ಪೌಂಡಿಗೆ ಹರಾಜಾಯಿತು. ಅದರ ಜತೆ ಮಕ್ಕಳಿಗೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ಸೀಟಿಯೂ ಉಳಿದಿತ್ತು! ಕೈಗೆ ಸಿಕ್ಕ ಸೀಟಿಯನ್ನು ಊದದೆ, ಕಳೆಯದೆ ಅರವತ್ತೇಳು ವರ್ಷ ಪತ್ರಿಕೆಯ ಜೊತೆಗೇ ಇಟ್ಟವರನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ.

---

ಚೌಕಟ್ಟು: ಹುಟ್ಟಿದ ದಿನ, ಹುಟ್ಟಿದ ಮನೆ

1929, ಜನವರಿ 10: ಟಿನ್‌ಟಿನ್ ಮತ್ತು ನಾಯಿ ಮಿಲೂ (ಇಂಗ್ಲಿಷಿನಲ್ಲಿ ಸ್ನೋಯಿ). ‘ಲೆ ಪೆತಿ ವ್ಯಾಂತಿಯೆಮ್’, ಬ್ರಸೆಲ್ಸ್.

1937, ಡಿಸೆಂಬರ್ 4: ಡೆಸ್ಪರೇಟ್ ಡ್ಯಾನ್. ‘ದ ಡ್ಯಾಂಡಿ’, ಸ್ಕಾಟ್ಲೆಂಡ್.

1958, ಅಕ್ಟೋಬರ್ 23: ಸ್ಮರ್ಫ್‌ಗಳು. ‘ಸ್ಪಿರೂ’, ಬೆಲ್ಜಿಯಮ್.

1959, ಅಕ್ಟೋಬರ್ 29: ಆಸ್ಟರಿಕ್ಸ್. ‘ಪಿಲೋತ್’, ಫ್ರಾನ್ಸ್.

1962, ನವೆಂಬರ್: ಮುಖವಾಡದ ಕಳ್ಳ ಡಯಾಬೊಲಿಕ್. ಇಟಲಿಯ ಮಿಲಾನಿನಲ್ಲಿ ಜುಸ್ಸಾನಿ ಸೋದರಿಯರ ಸೃಷ್ಟಿ.

1964, ಮಾರ್ಚ್: ಫ್ಯಾಂಟಮ್ ಕತೆಯೊಂದಿಗೆ ಇಂದ್ರಜಾಲ ಕಾಮಿಕ್ಸ್‌ನ ಮೊದಲ ಸಂಚಿಕೆ, ಮುಂಬಯಿ.

1976: ಬಹಾದೂರ್. ಇಂದ್ರಜಾಲ ಕಾಮಿಕ್ಸ್.

1983: ಸುಪ್ಪಂಡಿ. ‘ಟಿಂಕಲ್’, ಮುಂಬಯಿ.

---

ಸೂರತ್ತಿನ ಮೇಕೆ, ಬಂದರಿನ ರೈಲು

ಯುರೋಪಿನವರಿಗೆ ಮಾತ್ರ ಇಂಥ ಭಾಗ್ಯ ಎಂದುಕೊಳ್ಳಬೇಡಿ. ಆಲ್ಕಾಪುರಿಯ ಪಕ್ಕದಲ್ಲೇ ಇರುವ ವಡೋದರ ಸ್ಟೇಷನ್ನಿನಲ್ಲಿ ಮುಂಬಯಿ ಕಡೆಯ ರೈಲು ಹತ್ತಿ, ಎರಡು ಗಂಟೆಯಲ್ಲಿ ಸೂರತ್ ಸಿಗುತ್ತದೆ. ‘ಗಾಂಡೀವ’ ಎಂಬ ಮಕ್ಕಳ ಪಾಕ್ಷಿಕ ಅಲ್ಲಿಂದ ಹೊರಡುತ್ತಿತ್ತು. 1936ರಿಂದ ಅದರಲ್ಲಿ ಹರಿಪ್ರಸಾದ ವ್ಯಾಸರು ಬರೆದ ಬಕೋರ್ ಪಟೇಲ್ ಕತೆಗಳು ಬಂದವು.

ಬಕೋರ್ ಪಟೇಲ್ ಒಂದು ಮೇಕೆ. ಅಂಗಿ ತೊಟ್ಟು, ಹೆಂಡತಿ ಶಕರಿ ಪಟಲಾಣಿಯೊಂದಿಗೆ ಸಂಸಾರ ನಡೆಸುವ ಮೇಕೆ. ನೆಂಟರಿಷ್ಟರಲ್ಲಿ ವಾಘಜಿಭಾಯಿ ಎಂಬ ಹುಲಿ ವಕೀಲ, ಹಾಥಿಶಂಕರ್ ಎಂಬ ಆನೆ. ಕತೆಗಳ ಜತೆ ಸೂರತ್ತಿನ ಕಲಾವಿದರ ಚಿತ್ರ. ನೆರೆಮನೆಯ ಅಜ್ಜಿಯರ ಮುಂದೆ ಬಕೋರ್ ಪಟೇಲ್ ಎಂದರೆ ಸಾಕು, ಮುಖ ಅರಳುತ್ತದೆ. ಪುಸ್ತಕವಾಗಿ ಬಂದ ಕತೆಗಳು ಮನೆಮನೆಯಲ್ಲಿವೆ. ‘ಗಾಂಡೀವ’ದ ಬಿಡಿ ಸಂಚಿಕೆ ಮಾತ್ರ ಇಷ್ಟು ವರ್ಷದ ಹುಡುಕಾಟದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೂರತ್ತಿನ ಹೆಸರನ್ನೇ ಹೊತ್ತ ಇನ್ನೊಬ್ಬರು ಆಬಿದ್ ಸುರತಿ. 1935ರಲ್ಲಿ ಗುಜರಾತಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ಎರಡನೇ ಮಹಾಯುದ್ಧದ ಕಾಲ. ಬಂದರಿನಲ್ಲಿಳಿದ ವಿದೇಶಿ ಸೈನಿಕರನ್ನು ಹೊತ್ತ ರೈಲು ನಿಧಾನವಾಗಿ ಸಾಗುತ್ತಿದ್ದರೆ, ಬಡ ಹುಡುಗರು ಪಕ್ಕದಲ್ಲಿ ಓಡುತ್ತಿದ್ದರು. ಸೈನಿಕರು ಕಿಟಕಿಯಿಂದ ತಿಂಡಿ ಎಸೆಯುತ್ತಿದ್ದರು. ಒಂದು ದಿನ ಯಾರೋ ತಿಂಡಿಯ ಬದಲು ಒಂದು ಕಾಮಿಕ್ಸ್ ಎಸೆದರು. ಹುಡುಗರೆಲ್ಲ ಮುಗಿಬಿದ್ದರು, ಪುಸ್ತಕ ಚಿಂದಿಯಾಯಿತು, ಆಬಿದನ ಕೈಗೆ ಸಿಕ್ಕಿದ್ದು ಒಂದೇ ಹಾಳೆ. ಆ ಹಾಳೆಯ ಡಿಸ್ನಿ ಚಿತ್ರವನ್ನು ನೋಡಿ ನೋಡಿ ಬರೆಯಲು ಕಲಿತೆ ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಆ ಹುಡುಗನೇ ಮುಂದೆ ಬಹಾದೂರ್‌ನನ್ನು ಸೃಷ್ಟಿಸಿದ್ದು. ಕೇಸರಿ ಕುರ್ತಾ, ಜೀನ್ಸ್ ತೊಟ್ಟ, ಡಕಾಯಿತರ ವಿರುದ್ಧ ಊರನ್ನು ಕಟ್ಟುವ ನಾಯಕ. ಫ್ಯಾಂಟಮ್, ಮಾಂಡ್ರೇಕ್‌ಗಳ ಪರದೇಶಿ ಸಾಹಸವೇ ತುಂಬಿದ್ದ ಇಂದ್ರಜಾಲ ಕಾಮಿಕ್ಸ್‌ನಲ್ಲಿ 1976ರಲ್ಲಿ ನಮ್ಮದೇ ಮಣ್ಣಿನ ಮುಖ ಕಂಡಿತು. ಗೋವಿಂದ್ ಅವರ ಚಿತ್ರ, ಸುರತಿಯವರ ಕತೆ.

ಒಂದು ಹರಿದ ಹಾಳೆಯಿಂದ ಇಷ್ಟಾಯಿತು. ಹಳೆಯ ಕಾಗದವನ್ನು ಬಿಸಾಡುವ ಮುನ್ನ ನಾನು ನೆನೆಯುವುದು ಆ ಹಾಳೆಯನ್ನೇ.

ಬೆಂಗಳೂರಿನ ಆ ಹತ್ತು

ಈಗ ನಮ್ಮ ಮನೆಯ ಮಾತು. ಇಂಗ್ಲಿಷಿನ ಅಮರ ಚಿತ್ರಕಥೆಯ ಹಳೆಯ ಪಟ್ಟಿ ತೆರೆದರೆ ‘ಕೃಷ್ಣ’ದ ಸಂಖ್ಯೆ 11. ಹಾಗಾದರೆ 1ರಿಂದ 10 ಯಾವುವು?

ಉತ್ತರ ಬೆಂಗಳೂರಿನಲ್ಲಿದೆ. ಪ್ರಕಾಶನ ಸಂಸ್ಥೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ತಂದರು. ಅವರೇ ಹೇಳಿದಂತೆ ಅಮರ ಚಿತ್ರಕಥೆ ಮೊದಲು ಅಚ್ಚಾದದ್ದು ಕನ್ನಡದಲ್ಲಿ. ಮೊದಲ ಹತ್ತು ಕನ್ನಡದವು ಎಂಬ ಕಾರಣಕ್ಕೇ ಇಂಗ್ಲಿಷಿನವು ಹನ್ನೊಂದರಿಂದ ಶುರು. ಕನ್ನಡದ ಪ್ರತಿಗಳು ಚೆನ್ನಾಗಿ ಮಾರಾಟವಾದದ್ದನ್ನು ಕಂಡು ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂತು.

ಆ ಹತ್ತರಲ್ಲಿ ಇದ್ದದ್ದು ರಾಮನೂ ಅಲ್ಲ, ಕೃಷ್ಣನೂ ಅಲ್ಲ. ಸಿಂಡರೆಲಾ, ಸ್ನೋವೈಟ್, ಪಿನೋಕಿಯೋ! ಯುರೋಪಿನ ಅಜ್ಜಿಕತೆಗಳು ಅಮೆರಿಕದ ಚಿತ್ರಗಳಲ್ಲಿ ಹಾದು ಕನ್ನಡದ ಮಾತಾಡಿದವು. ಆಸ್ಟರಿಕ್ಸ್ ಹುಟ್ಟಿದ ಖಂಡವೂ ಬೆಂಗಳೂರಿನ ಅಚ್ಚುಮನೆಯೂ ಈ ಒಂದು ಎಳೆಯಲ್ಲಿ ಕೂಡಿಕೊಂಡಿವೆ.

ನಂತರದ ಅಧ್ಯಾಯವನ್ನು ಬರೆದವರೂ ನಮ್ಮ ಕರಾವಳಿಯವರೇ. 1929ರಲ್ಲಿ, ಅಂದರೆ ಟಿನ್‌ಟಿನ್ ಹುಟ್ಟಿದ ವರ್ಷವೇ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಎರಡು ವರ್ಷಕ್ಕೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದ ಹುಡುಗ. ಇಂದ್ರಜಾಲ ಕಾಮಿಕ್ಸ್‌ನ ಆರಂಭದ ದಿನಗಳಲ್ಲಿ ಅದರ ಕೆಲಸ ಮಾಡಿದವರು. 1967ರಲ್ಲಿ ದೆಹಲಿಯಲ್ಲಿ ಟಿವಿಯ ರಸಪ್ರಶ್ನೆಯೊಂದರಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಹೇಳಿ, ರಾಮನ ತಾಯಿ ಯಾರೆಂದು ಕೇಳಿದಾಗ ಸುಮ್ಮನಾದದ್ದನ್ನು ಅವರು ಕಂಡರು. ಆ ನೋವಿನಿಂದಲೇ, ರಾಮ್ ವಾಯೀರ್‌ಕರ್ ಅವರ ಚಿತ್ರಗಳೊಂದಿಗೆ 11ನೇ ಸಂಖ್ಯೆಯ ‘ಕೃಷ್ಣ’ ಬಂತು. ಲೋಕ ಆ ಕೃಷ್ಣನನ್ನು ನೆನಪಿಟ್ಟಿದೆ. ಹಿಂದಿನ ಹತ್ತು ಕನ್ನಡದ ಪುಸ್ತಿಕೆಗಳನ್ನು ನೆನಪಿಡಬೇಕಾದವರು ನಾವು.

ಆರು ಮಡಿಕೆಯ ಚಿತ್ರ

2021ರ ಜನವರಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಎರ್ಜೆಯವರ ಒಂದು ಚಿತ್ರ ಸುಮಾರು 32 ಲಕ್ಷ ಯೂರೊಗೆ ಹೋಯಿತು. ಅಂದಿನ ದರದಲ್ಲಿ ಸುಮಾರು 28 ಕೋಟಿ ರೂಪಾಯಿ. 1936ರಲ್ಲಿ ‘ದ ಬ್ಲೂ ಲೋಟಸ್’ ಆಲ್ಬಂಗೆಂದು ಬರೆದ ಮುಖಪುಟ ಅದು. ಅಷ್ಟು ಬಣ್ಣದ ಮುದ್ರಣ ದುಬಾರಿಯಾದ್ದರಿಂದ ಪ್ರಕಾಶಕರು ಬೇಡವೆಂದರು. ಎರ್ಜೆ ಅದನ್ನು ಪ್ರಕಾಶಕರ ಏಳು ವರ್ಷದ ಮಗನಿಗೆ ಕೊಟ್ಟರು, ಹುಡುಗ ಆರಾಗಿ ಮಡಿಸಿ ಮೇಜಿನ ಖಾನೆಯಲ್ಲಿಟ್ಟ. ಹರಾಜಿನ ಸಂಸ್ಥೆ ಹೇಳಿದ ಕತೆ ಇದು. ಮಡಿಕೆಯ ಗೆರೆಗಳು ಇಂದಿಗೂ ಚಿತ್ರದ ಮೇಲಿವೆ.

ಅದನ್ನು ಉಳಿಸಿದ್ದು ಮ್ಯೂಸಿಯಮ್ಮೂ ಅಲ್ಲ, ಬ್ಯಾಂಕಿನ ಲಾಕರೂ ಅಲ್ಲ. ಒಂದು ಮಗುವಿನ ಆಸೆ.

ಬೆಲೆಯ ಮಾತು ಬಂದಾಗ ಎಲ್ಲರ ಕಿವಿ ನಿಮಿರುತ್ತದೆ. ಆದರೆ ಬೆಲೆಗೆಂದು ಎತ್ತಿಟ್ಟವರಿಗೆ ಮೊದಲ ಸಂಚಿಕೆ ಸಿಗುವುದು ಕಷ್ಟ. ಯಾವ ಪಾತ್ರ ಬೆಳೆದೀತು ಎಂಬುದು ಹುಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಇಷ್ಟಪಟ್ಟು ಇಟ್ಟುಕೊಂಡವರ ಬಳಿ ಮಾತ್ರ ಅದು ಉಳಿಯುತ್ತದೆ. ಹಾಗೆ ಪುಸ್ತಕವನ್ನು ಇಷ್ಟಪಟ್ಟ ಮಹಾರಾಜ ಸಯಾಜಿರಾವ್ ಗಾಯಕವಾಡರು ಇದೇ ವಡೋದರದಲ್ಲಿ 1910ರಲ್ಲಿ ಅಮೆರಿಕದಿಂದ ಗ್ರಂಥಪಾಲಕ ಬೋರ್ಡನ್ ಅವರನ್ನು ಕರೆಸಿ ಕೇಂದ್ರ ಗ್ರಂಥಾಲಯ ಕಟ್ಟಿದರು, ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸಿದರು. ಆ ಗ್ರಂಥಾಲಯದ ಗಾಜಿನ ನೆಲದ ಮೇಲೆ ನಡೆಯುವಾಗಲೆಲ್ಲ ನನಗನ್ನಿಸುತ್ತದೆ: ಪುಸ್ತಕಕ್ಕೆ ಇಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲಿ ಮಕ್ಕಳ ಪತ್ರಿಕೆಗೂ ಒಂದು ಕಪಾಟು ಬೇಕು. ಬ್ರಸೆಲ್ಸ್ 1989ರಲ್ಲೇ ಚಿತ್ರಕಥೆಗೆಂದು ಒಂದು ಮ್ಯೂಸಿಯಂ ತೆರೆಯಿತು. ಬೆಂಗಳೂರಿನಲ್ಲಿ ವ್ಯಂಗ್ಯಚಿತ್ರಕ್ಕೆ ಗ್ಯಾಲರಿ ಇದೆ. ಕನ್ನಡ ಚಿತ್ರಕಥೆಯ ಮೊದಲ ಪ್ರತಿಗಳಿಗೂ ಅಂಥ ಒಂದು ಮನೆ ಆಗಬೇಕು.

---

ಚೌಕಟ್ಟು: ಹಳೆಯ ಸಂಚಿಕೆ ಕೈಗೆ ಸಿಕ್ಕರೆ

ಕಾಲ ಪತ್ತೆ ಮಾಡಿ. ಒಳಪುಟದ ಅಡಿಯಲ್ಲಿ ಮುದ್ರಕರ ಸಾಲು ಓದಿ. ಅಮರ ಚಿತ್ರಕಥೆಯಾದರೆ ಹಿಂಬದಿಯ ಪುಸ್ತಕಪಟ್ಟಿಯ ಕೊನೆಯ ಸಂಖ್ಯೆ ನೋಡಿ. ಆ ಪ್ರತಿ ಯಾವಾಗಿನದು ಎಂಬುದಕ್ಕೆ ಅದೇ ಸುಳಿವು.

ಟೇಪು ಹಚ್ಚಬೇಡಿ. ಅದರ ಅಂಟು ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಮತ್ತೆ ಬಿಡಿಸಲಾಗದು.

ತುಕ್ಕಿನ ಪಿನ್ನು ತೆಗೆಯಿರಿ. ನಿಧಾನವಾಗಿ ಬಿಡಿಸಿ, ಬಿಳಿ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ.

ಬಿಸಿಲು, ತೇವ ಬೇಡ. ನ್ಯೂಸ್‌ಪ್ರಿಂಟ್ ಕಾಗದದಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗಿ, ಆಮ್ಲ ಹೆಚ್ಚಿ ಪುಡಿಯಾಗುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ, ಮಲಗಿಸಿ, ಗೆದ್ದಲು ಹತ್ತದ ಕಬ್ಬಿಣದ ಬೀರುವಿನಲ್ಲಿಡಿ.

ಮಗುವಿನ ಗೀಚು ಅಳಿಸಬೇಡಿ. ಅದೂ ಆ ಪ್ರತಿಯ ಚರಿತ್ರೆಯೇ.

---

ಮನೆಗೆ ಬಂದು ಪಸ್ತಿ ಅಂಗಡಿಯ ಆ ಕನ್ನಡ ಪುಸ್ತಿಕೆಯನ್ನು ಬೆಳಕಿಗೆ ಹಿಡಿದೆ. ಅದು ಆ ಹತ್ತರಲ್ಲಿ ಒಂದಲ್ಲ, ಎಷ್ಟೋ ವರ್ಷ ಆಮೇಲಿನ ಸಾಮಾನ್ಯ ಪ್ರತಿ. ಯಾವ ಹರಾಜಿನವರೂ ಕೈಯಲ್ಲಿ ಮುಟ್ಟರು. ಆದರೂ ಪಿನ್ನು ಬಿಡಿಸಿ, ದಾರ ಕಟ್ಟಿ, ಲಕೋಟೆಗೆ ಹಾಕಿ, ಸಿಕ್ಕ ದಿನಾಂಕ, ಸಿಕ್ಕ ಊರು ಬರೆದಿಟ್ಟೆ. ನಾಲ್ಕನೇ ತರಗತಿಯ ಆ ಹುಡುಗ ಕನ್ನಡದ ಯಾವುದೋ ಊರಿನಲ್ಲಿ ಈಗ ದೊಡ್ಡವನಾಗಿರಬೇಕು. ರಾಕ್ಷಸನಿಗೆ ತಾನು ಬರೆದ ಮೀಸೆ ವಡೋದರದಲ್ಲಿ ಕ್ಷೇಮವಾಗಿದೆ ಎಂದು ಅವನಿಗೆ ಗೊತ್ತಿಲ್ಲ.

ಇದನ್ನು ಓದುತ್ತಿರುವ ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಾರ್ಕಳದಲ್ಲೋ ಇರಬಹುದು. ನಿಮ್ಮ ಮನೆಯಲ್ಲೂ ಹಬ್ಬಕ್ಕೆ ಅಟ್ಟ ಗುಡಿಸುವ ಹೊತ್ತು ಬರುತ್ತದೆ. ಟ್ರಂಕಿನ ತಳದಲ್ಲಿ, ಅಜ್ಜನ ಕೊಡೆಯ ಕೆಳಗೆ, 1965ರ ಕನ್ನಡದ ಸಿಂಡರೆಲಾ ಮಲಗಿರಬಹುದು. ರದ್ದಿಯವನನ್ನು ಕೂಗುವ ಮುಂಚೆ ಆ ಟ್ರಂಕಿನ ತಳದವರೆಗೆ ಒಮ್ಮೆ ಕೈ ಹಾಕಿ.